ಪಿ0401 ಬಂದ ತಕ್ಷಣ ಇಜಿಆರ್ ವಾಲ್ವ್ ಬದಲಾಯಿಸ್ಬೇಕಾ? ಮೊದ್ಲು ಏನೇನ್ ಟೆಸ್ಟ್ ಮಾಡ್ಬೋದು?

ಹೊಸಪಾನಾ:
ಎಲ್ರಿಗೂ ನಮಸ್ಕಾರ. ಗಾಡಿ ಪೆಟ್ರೋಲು, ನಾಲ್ಕು ಸಿಲಿಂಡರ್, ಟರ್ಬೋ ಇಲ್ಲ. ಇಜಿಆರ್ ವಾಲ್ವ್ ಕರೆಂಟಲ್ಲಿ ಓಡೋ ಥರದ್ದು, ಐದು ಪಿನ್ನಿನ ಕನೆಕ್ಟರ್ ಇದೆ. ಸ್ವಲ್ಪ ದಿನದಿಂದ ಚೆಕ್ ಇಂಜಿನ್ ಲೈಟ್ ಉರೀತಿದೆ, ಬ್ಲೂಟೂತ್ ಡಾಂಗಲ್ ಹಾಕಿ ನೋಡಿದ್ರೆ ಪಿ0401 ಅಂತ ತೋರ್ಸುತ್ತೆ, ಅಳಿಸಿದ್ರೆ ಹೋಗುತ್ತೆ, ಒಂದೆರಡು ದಿನ ಓಡಿಸಿದ್ಮೇಲೆ ಮತ್ತೆ ಹಾಜರ್. ಐಡ್ಲಿಂಗ್ ಚೆನ್ನಾಗೇ ಇದೆ, ಸ್ಟಾರ್ಟಿಂಗ್ ತೊಂದ್ರೆನೂ ಇಲ್ಲ, ಆದ್ರೆ ಏರಲ್ಲಿ ಅರ್ಧ ಆಕ್ಸಿಲರೇಟರ್ ಒತ್ತಿದಾಗ ಕಿಣಿಕಿಣಿ ಅಂತ ಸಣ್ಣಗೆ ಲೋಹದ ಸದ್ದು ಬರುತ್ತೆ. ಸರ್ವಿಸ್‌ಗೆ ತಗೊಂಡೋದ್ರೆ ಬಾನೆಟ್ ಕೂಡ ಸರಿಯಾಗಿ ಎತ್ತಲಿಲ್ಲ, ಕೋಡ್ ನೋಡಿದ್ರು, ವಾಲ್ವ್ ಹೋಗಿದೆ ಹೊಸದು ಹಾಕ್ಬೇಕು ಅಂದ್ರು. ವಾಲ್ವ್ ನಿಜವಾಗ್ಲೂ ಹೋಗಿದ್ಯಾ ಅಂತ ತಿಳ್ಕೊಳ್ಳೋದು ಹೇಗೆ? ಮನೇಲಿ ಮಲ್ಟಿಮೀಟರ್ ಇದೆ, ಪಾನಾ ಸೆಟ್ ಇದೆ, ಕೈ ಕೊಳೆ ಮಾಡ್ಕೊಳ್ಳೋಕೆ ರೆಡಿ ಇದೀನಿ.

ದಾರಿಹೋಕ:
ನಂಗೂ ಇದೇ ಕೋಡು. ಯಾರಾದ್ರೂ ಮೊದ್ಲು ಈ ಇಜಿಆರ್ ಅಂದ್ರೆ ಏನು ಮಾಡುತ್ತೆ ಅಂತ ಎರಡು ಮಾತಲ್ಲಿ ಹೇಳಿದ್ರೆ ಮುಂದಿಂದು ಅರ್ಥ ಆಗುತ್ತೆ.

ಇಂಜಿನ್‌ಬೇ:
ಸೈಲೆನ್ಸರ್ ಕಡೆ ಹೋಗೋ ಹೊಗೇಲಿ ಸ್ವಲ್ಪ ಭಾಗಾನ ತಿರುಗಿಸಿ ಮತ್ತೆ ಇಂಜಿನ್ ಒಳಗೆ ಬಿಡೋ ವ್ಯವಸ್ಥೆ ಅದು. ಸುಟ್ಟು ಮುಗಿದ ಗ್ಯಾಸಲ್ಲಿ ಉರಿಯೋಕೆ ಏನೂ ಉಳಿದಿರಲ್ಲ, ಹಾಗಾಗಿ ಅದು ಸಿಲಿಂಡರಲ್ಲಿ ಜಾಗ ಹಿಡ್ಕೊಂಡು ಶಾಖ ಹೀರ್ಕೊಳ್ಳುತ್ತೆ, ಉರಿಯ ತಾಪ ಇಳಿಯುತ್ತೆ. ಸುಮಾರು 1,370 ಡಿಗ್ರಿ ಸೆಲ್ಸಿಯಸ್ ದಾಟಿದ್ಮೇಲೆ ಗಾಳೀಲಿರೋ ನೈಟ್ರೋಜನ್ನೂ ಆಕ್ಸಿಜನ್ನೂ ಸೇರಿ ನೈಟ್ರೋಜನ್ ಆಕ್ಸೈಡ್ ಆಗೋದು ಜೋರಾಗುತ್ತೆ, ಉಸಿರಾಟಕ್ಕೆ ಕೆಟ್ಟದ್ದು ಅದು, ಅದನ್ನ ತಡೆಯೋಕೇ 1970ರ ದಶಕದಿಂದ ಕಾರುಗಳಿಗೆ ಇದನ್ನ ಹಾಕ್ತಾ ಬಂದಿದಾರೆ. ಪೆಟ್ರೋಲ್ ಗಾಡೀಲಿ ಐಡ್ಲಿಂಗಲ್ಲಿ, ಇಂಜಿನ್ ತಣ್ಣಗಿರೋವಾಗ, ಪೂರ್ತಿ ಆಕ್ಸಿಲರೇಟರ್ ತುಳಿದಾಗ ಈ ವಾಲ್ವ್ ಮುಚ್ಚಿರ್ಬೇಕು, ನಡುವೆ ಆರಾಮಾಗಿ ಓಡೋವಾಗ ತೆರೀಬೇಕು. ಈ ಒಂದು ಮಾತು ನೆನಪಿಟ್ಕೊಳ್ಳಿ, ಅರ್ಧ ಪರೀಕ್ಷೆ ಇದರ ಮೇಲೇ ನಿಂತಿದೆ.

ಈಗ ಹೊಸಪಾನಾ ಅವರಿಗೆ. ಪಿ0401 ಅಂದ್ರೆ ಹರಿವು ಕಮ್ಮಿ ಅಂತ ಅಷ್ಟೇ. ವಾಲ್ವ್ ಸತ್ತಿದೆ ಅಂತ ಆ ಕೋಡ್ ಹೇಳಲ್ಲ, ದಯವಿಟ್ಟು ಇದನ್ನ ಎಲ್ರೂ ಗಮನಿಸಿ. ಗಾಡಿ ಓಡೋವಾಗ ಇಸಿಯು, ಅಂದ್ರೆ ಇಂಜಿನ್ ನಡೆಸೋ ಕಂಪ್ಯೂಟರ್, ವಾಲ್ವ್ ತೆಗೆದು ಮುಚ್ಚಿ ಮಾಡಿ ಇನ್‌ಟೇಕ್ (ಇಂಜಿನ್‌ಗೆ ಗಾಳಿ ಹೋಗೋ ದಾರಿ) ಒತ್ತಡ ಬದಲಾಗುತ್ತಾ ಅಂತ ನೋಡುತ್ತೆ, ಬದಲಾಗ್ಲಿಲ್ಲ ಅಂದ್ರೆ ಕೋಡ್ ಬರ್ಕೊಳ್ಳುತ್ತೆ, ಸಾಮಾನ್ಯವಾಗಿ ಎರಡು ಸಲ ಸತತವಾಗಿ ಫೇಲ್ ಆದ್ರೆ ಲೈಟ್ ಹತ್ಸುತ್ತೆ. ನಿಮ್ಗೆ ಅಳಿಸಿ ಎರಡು ದಿನ ಆದ್ಮೇಲೆ ಬರ್ತಿರೋದು ಅದಕ್ಕೇ. ಒತ್ತಡ ಯಾಕೆ ಬದಲಾಗ್ಲಿಲ್ಲ ಅನ್ನೋದಕ್ಕೆ ಕಾರಣ ಹತ್ತಾರು ಇರ್ಬೋದು, ವಾಲ್ವ್ ಅದ್ರಲ್ಲಿ ಒಂದು.

ನಾನು ಯಾವಾಗ್ಲೂ ಮೂರು ಪ್ರಶ್ನೆ ಇದೇ ಸಾಲಲ್ಲಿ ಕೇಳ್ಕೊತೀನಿ. ಇಸಿಯು ವಾಲ್ವ್‌ಗೆ ತೆರಿ ಅಂತ ಹೇಳ್ತಿದ್ಯಾ? ಹೇಳಿದ್ರೆ ವಾಲ್ವ್ ಅಲುಗಾಡ್ತಿದ್ಯಾ? ಅಲುಗಾಡಿದ್ರೆ ಗ್ಯಾಸ್ ಹರೀತಿದ್ಯಾ? ಮೂರನೇದು ಇಲ್ಲ ಅಂತ ಕೋಡ್ ಆಗ್ಲೇ ಹೇಳಿದೆ. ಮೊದಲೆರಡು ನೀವು ನೋಡಿ ಹೇಳಿ. ಡಾಂಗಲ್ ಆಪಲ್ಲಿ ಕಮಾಂಡೆಡ್ ಇಜಿಆರ್ (ಇಸಿಯು ಎಷ್ಟು ತೆರಿ ಅಂದಿದೆ) ಅಂತ ಒಂದು, ಇಜಿಆರ್ ಎರರ್ ಅಂತ ಇನ್ನೊಂದು ಲೆಕ್ಕ ಇರುತ್ತೆ, ಅವೆರಡೂ ಜೊತೆಗೆ ಇನ್‌ಟೇಕ್ ಒತ್ತಡ ಅಳೆಯೋ ಮ್ಯಾಪ್ ಸೆನ್ಸರಿನ ಅಂಕಿ, ಆರ್‌ಪಿಎಂ ಇಟ್ಕೊಂಡು ರೆಕಾರ್ಡ್ ಆನ್ ಮಾಡಿ, ಇಂಜಿನ್ ಪೂರ್ತಿ ಬಿಸಿಯಾದ್ಮೇಲೆ ಒಂದೇ ಸ್ಪೀಡಲ್ಲಿ ಸ್ವಲ್ಪ ದೂರ ಓಡ್ಸಿ. ಓಡಿಸ್ತಾ ಮೊಬೈಲ್ ನೋಡ್ಬೇಡಿ, ಪಕ್ಕದಲ್ಲಿ ಯಾರಾದ್ರೂ ಕೂತ್ಕೊಳ್ಲಿ.

ಮೀಟರ್‌ಮುಳ್ಳು:
ಇಂಜಿನ್‌ಬೇ ಸರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಕೋಡ್ ನಂಬರ್ ಸರಿಯಾಗಿ ಓದ್ಕೊಂಡ್ರೆ ಎಷ್ಟೋ ಕೆಲಸ ಉಳಿಯುತ್ತೆ. ಪಿ0400 ಅಂದ್ರೆ ಹರಿವಲ್ಲಿ ಏನೋ ತೊಂದ್ರೆ, ಪಿ0401 ಕಮ್ಮಿ, ಪಿ0402 ಜಾಸ್ತಿ. ಪಿ0403 ಬಂದ್ರೆ ಅದು ವಾಲ್ವ್ ಓಡಿಸೋ ಸರ್ಕ್ಯೂಟ್, ಅಂದ್ರೆ ವಯರ್, ಕನೆಕ್ಟರ್, ಕಾಯಿಲ್ ಕಡೆ ಹೋಗ್ಬೇಕು, ಕಾರ್ಬನ್ ಕೆರೆಯೋದ್ರಿಂದ ಏನೂ ಆಗಲ್ಲ. ಪಿ0404 ಅಂದ್ರೆ ಹೇಳಿದಷ್ಟು ತೆರೀತಿಲ್ಲ ಅಥವಾ ಸರಿಯಾಗಿ ಮುಚ್ತಿಲ್ಲ, ಸಾಮಾನ್ಯವಾಗಿ ಮಸಿ ಕಟ್ಟಿ ಸಿಕ್ಕಾಕೊಂಡಿರುತ್ತೆ. ಪಿ0405, ಪಿ0406 ಪೊಸಿಶನ್ ಸೆನ್ಸರಿನ ಸಿಗ್ನಲ್ ತೀರಾ ಕೆಳಗೆ ಅಥವಾ ತೀರಾ ಮೇಲೆ.

ಐದು ಪಿನ್ನಲ್ಲಿ ಎರಡು ಕಾಯಿಲ್‌ಗೆ, ಮೂರು ಸೆನ್ಸರ್‌ಗೆ. ಇಂಜಿನ್ ಆಫ್, ಕೀ ಆನ್, ಕನೆಕ್ಟರ್ ಬಿಚ್ಚಿ ಗಾಡಿ ಕಡೆ ಇರೋ ಭಾಗದಲ್ಲಿ ಮೀಟರ್ ಇಡಿ. ಒಂದ್ರಲ್ಲಿ ಬ್ಯಾಟರಿ ವೋಲ್ಟೇಜ್, ಒಂದ್ರಲ್ಲಿ 5 ವೋಲ್ಟ್, ಒಂದು ಅರ್ತ್ ಸಿಗ್ಬೇಕು. ಕೆಲವು ಗಾಡೀಲಿ ಬ್ಯಾಟರಿ ವೋಲ್ಟೇಜು ಇಂಜಿನ್ ಓಡೋವಾಗ ಮಾತ್ರ ಬರುತ್ತೆ, ಅದು ವಯರಿಂಗ್ ಡಯಾಗ್ರಾಂ ನೋಡ್ಕೊಳ್ಳಿ. ಆಮೇಲೆ ಕನೆಕ್ಟರ್ ವಾಪಸ್ ಹಾಕಿ, ಹಿಂದುಗಡೆಯಿಂದ ಸಣ್ಣ ಪಿನ್ ತೂರಿಸಿ ಸಿಗ್ನಲ್ ವಯರ್ ನೋಡಿ. ವಾಲ್ವ್ ಮುಚ್ಚಿದ್ದಾಗ ಬಹಳಷ್ಟು ಗಾಡೀಲಿ ಅರ್ಧದಿಂದ ಒಂದು ವೋಲ್ಟ್ ಆಸುಪಾಸು ಇರುತ್ತೆ, ಪೂರ್ತಿ ತೆರೆದಾಗ ನಾಲ್ಕರ ಮೇಲೆ ಹೋಗುತ್ತೆ. ಏರೋವಾಗ ಒಂದೇ ಸಮ ಏರ್ಬೇಕು, ನಡುವೆ ಎಲ್ಲಾದ್ರೂ ದಬಕ್ ಅಂತ ಬಿದ್ದು ಎದ್ರೆ ಸೆನ್ಸರ್ ಒಳಗಿನ ಪಟ್ಟಿ ಸವೆದಿದೆ. ಇದನ್ನ ಮಾಡ್ತಾ ವಯರನ್ನ ಸ್ವಲ್ಪ ಅಲ್ಲಾಡಿಸಿ ನೋಡಿ, ಬಿಸಿ ಪೈಪ್ ಪಕ್ಕದಲ್ಲಿ ಹಾದು ಹೋಗೋದ್ರಿಂದ ವಯರಿನ ಸಿಪ್ಪೆ ಒಣಗಿ ಬಿರಿಯುತ್ತೆ. ವಯರ್ ಸಿಪ್ಪೆ ಚುಚ್ಚಿ ಟೆಸ್ಟ್ ಮಾಡೋ ಅಭ್ಯಾಸ ಮಾತ್ರ ಬೇಡ, ಆ ತೂತಲ್ಲಿ ನೀರು ಹೋಗಿ ಒಳಗೊಳಗೇ ಕಿಲುಬು ಹಿಡಿಯುತ್ತೆ.

ಕಾಯಿಲ್ ರೆಸಿಸ್ಟೆನ್ಸೂ ನೋಡ್ಬೋದು, ಆದ್ರೆ ಅಂಕಿ ಗಾಡಿಯಿಂದ ಗಾಡಿಗೆ ಬೇರೆ, ಮ್ಯಾನುಯಲ್ ನೋಡಿ ಹೋಲಿಸಿ. ಮೀಟರ್ ಏನೂ ತೋರಿಸ್ದೆ ಓಪನ್ ಅಂತ ಬಂದ್ರೆ ಕಾಯಿಲ್ ಕಟ್ ಆಗಿದೆ, ಅದ್ರಲ್ಲಿ ಅನುಮಾನ ಇಲ್ಲ.

ಅಡ್ಡಬೋಲ್ಟು:
ಇಷ್ಟೆಲ್ಲಾ ಯಾಕೆ ಗುರು. ಒಂದು ತಗಡು ಕಟ್ ಮಾಡಿ ವಾಲ್ವ್ ಕೆಳಗೆ ಗ್ಯಾಸ್ಕೆಟ್ ಜೊತೆ ಇಟ್ಟು ಬ್ಲಾಕ್ ಮಾಡ್ಬಿಡಿ, ಮುಗೀತು. ಇಂಜಿನ್ನೂ ಕ್ಲೀನ್ ಇರುತ್ತೆ.

ಇಂಜಿನ್‌ಬೇ:
ಅಡ್ಡಬೋಲ್ಟು ಅವ್ರೇ, ಅವರ ಗಾಡಿಗೆ ಬಂದಿರೋ ಕೋಡೇ ಹರಿವು ಕಮ್ಮಿ ಅಂತ. ತಗಡಿಟ್ರೆ ಹರಿವು ಸೊನ್ನೆ, ಲೈಟ್ ಹಾಗೇ ಉರೀತಿರುತ್ತೆ, ಏರಲ್ಲಿ ಬರ್ತಿರೋ ಕಿಣಿಕಿಣಿನೂ ಹೋಗಲ್ಲ. ಅದು ನಾಕಿಂಗ್ ಸದ್ದು, ಇಜಿಆರ್ ಬರುತ್ತೆ ಅಂತ ಲೆಕ್ಕ ಹಾಕಿ ಇಸಿಯು ಸ್ಪಾರ್ಕನ್ನ ಮುಂಚೆ ಕೊಡುತ್ತೆ, ಗ್ಯಾಸ್ ಬರ್ದೇ ಇದ್ದಾಗ ಉರಿ ಜಾಸ್ತಿ ಬಿಸಿಯಾಗಿ ಬಡಿಯುತ್ತೆ. ವರ್ಷಾನುಗಟ್ಲೆ ಹಾಗೇ ಓಡಿಸಿದ್ರೆ ಪಿಸ್ಟನ್‌ಗೇ ಪೆಟ್ಟು. ಇನ್ನು ನೈಟ್ರೋಜನ್ ಆಕ್ಸೈಡ್ ವಿಷ್ಯ, ನಮ್ಮ ಹಿಂದೆ ಬರೋರು ಅದನ್ನ ಉಸಿರಾಡ್ತಾರೆ, ಬಹಳ ದೇಶಗಳಲ್ಲಿ ಇದನ್ನ ಕಿತ್ತಾಕೋದು ಕಾನೂನಿಗೂ ವಿರುದ್ಧ.

ಟೆಸ್ಟ್ ಮಾಡೋಕೆ ಅಂತ ಸ್ವಲ್ಪ ಹೊತ್ತು ತಗಡು ಇಡೋದಕ್ಕೆ ನನ್ನ ವಿರೋಧ ಇಲ್ಲ, ಅದು ಒಳ್ಳೇ ಪರೀಕ್ಷೆನೇ. ಯಾರ ಗಾಡಿ ಐಡ್ಲಿಂಗಲ್ಲಿ ಗಡಗಡ ಅಂತಿದ್ಯೋ, ಬ್ರೇಕ್ ಹಾಕಿ ನಿಲ್ಸೋವಾಗ ಆಫ್ ಆಗುತ್ತೋ, ಅವ್ರು ತಗಡಿಟ್ಟು ಸ್ಟಾರ್ಟ್ ಮಾಡಿ, ಐಡ್ಲಿಂಗ್ ತಟ್ಟನೆ ಸರಿಹೋದ್ರೆ ವಾಲ್ವ್ ಮುಚ್ಕೊಳ್ತಿಲ್ಲ ಅಂತ ಖಾತ್ರಿ. ಡಬ್ಬಿಯಿಂದ ಕತ್ತರಿಸಿದ ತೆಳು ಅಲ್ಯೂಮಿನಿಯಂ ಇಡ್ಬೇಡಿ, ಆ ಬಿಸಿಗೆ ತೂತಾಗಿ ಚೂರು ಒಳಗೆ ಹೋಗುತ್ತೆ, ಸ್ಟೀಲ್ ತಗಡೇ ಬೇಕು. ಟೆಸ್ಟ್ ಮುಗಿದ್ಮೇಲೆ ತೆಗೀಲೇಬೇಕು.

ಹಳೇಗಾಡಿ:
ವ್ಯಾಕ್ಯೂಮಲ್ಲಿ ಓಡೋ ವಾಲ್ವ್ ಇರೋರು ಇಲ್ಲಿ ಯಾರಾದ್ರೂ ಇದ್ರೆ ಅವ್ರಿಗಾಗಿ ಬರೀತಿದೀನಿ, ನನ್ನ ಹತ್ರ ಇರೋದು ಅದೇ, ಅದರಷ್ಟು ಸುಲಭವಾಗಿ ಟೆಸ್ಟ್ ಮಾಡೋ ವಾಲ್ವ್ ಇನ್ನೊಂದಿಲ್ಲ. ಅಣಬೆ ಥರ ಮೇಲೆ ಅಗಲವಾದ ಟೋಪಿ, ಅದಕ್ಕೊಂದು ಸಣ್ಣ ರಬ್ಬರ್ ಪೈಪು. ಕೈಯಲ್ಲಿ ಒತ್ತೋ ವ್ಯಾಕ್ಯೂಮ್ ಪಂಪು ಗೇಜ್ ಇರೋದು ಒಂದು ಬೇಕು. ಇಂಜಿನ್ ಬಿಸಿ ಮಾಡಿ ಐಡ್ಲಿಂಗಲ್ಲಿ ಬಿಡಿ, ಆ ಪೈಪ್ ಕಿತ್ತು ಅಲ್ಲಿಗೆ ಪಂಪ್ ಹಾಕಿ ಗೇಜಲ್ಲಿ 10ರಿಂದ 15 ಇಂಚು (ಪಾದರಸದ ಲೆಕ್ಕ) ಬರೋವರೆಗೂ ಎಳೀರಿ. ಇಂಜಿನ್ ಮುಗ್ಗರಿಸ್ಬೇಕು, ಆಫ್ ಆಗಿಬಿಟ್ರೆ ಇನ್ನೂ ಒಳ್ಳೇದು. ಮುಗ್ಗರಿಸ್ತು ಅಂದ್ರೆ ವಾಲ್ವೂ ಸರಿ, ದಾರಿನೂ ಸರಿ, ತೊಂದ್ರೆ ವ್ಯಾಕ್ಯೂಮ್ ತಂದುಕೊಡೋ ಸೊಲೆನಾಯ್ಡ್ (ಕರೆಂಟಲ್ಲಿ ತೆರೆಯೋ ಸಣ್ಣ ವಾಲ್ವ್) ಅಥವಾ ಬಿರಿದ ಪೈಪಲ್ಲಿ. ಗೇಜ್ ಮುಳ್ಳು ನಿಲ್ದೆ ಜಾರಿದ್ರೆ ಒಳಗಿನ ಡಯಾಫ್ರಾಂ, ಅಂದ್ರೆ ರಬ್ಬರ್ ಪೊರೆ, ಹರಿದಿದೆ. ಮುಳ್ಳು ನಿಂತಿದೆ ಆದ್ರೂ ಇಂಜಿನ್‌ಗೆ ಏನೂ ಆಗ್ಲಿಲ್ಲ ಅಂದ್ರೆ ಒಂದೋ ವಾಲ್ವ್ ಕಂಬಿ ಜಾಮ್ ಆಗಿದೆ, ಇಲ್ಲಾ ದಾರಿ ಕಟ್ಕೊಂಡಿದೆ. ಕೆಲವು ವಾಲ್ವ್‌ಗಳ ಟೋಪಿ ಕೆಳಗೆ ಸಂದಿಯಿಂದ ಕಂಬಿ ಏರೋದು ಕಣ್ಣಿಗೇ ಕಾಣುತ್ತೆ, ಟಾರ್ಚ್ ಬಿಟ್ಟು ನೋಡಿ.

ಒಂದು ಎಚ್ಚರಿಕೆ. ಪಾಸಿಟಿವ್ ಬ್ಯಾಕ್ ಪ್ರೆಶರ್ ಥರದ ವಾಲ್ವ್ ಅಂತ ಇದೆ, ಅದು ಇಂಜಿನ್ ಆಫ್ ಇದ್ದಾಗ ವ್ಯಾಕ್ಯೂಮ್ ಹಿಡಿಯೋದೇ ಇಲ್ಲ, ಸೈಲೆನ್ಸರ್ ಕಡೆಯಿಂದ ಒತ್ತಡ ಬಂದಾಗ ಮಾತ್ರ ಒಳಗಿನ ತೂತು ಮುಚ್ಕೊಂಡು ಹಿಡಿಯುತ್ತೆ. ಅದನ್ನ ಮೇಜಿನ ಮೇಲಿಟ್ಟು ಪಂಪ್ ಹಾಕಿ ಹಿಡೀತಿಲ್ಲ ಅಂತ ಒಳ್ಳೇ ವಾಲ್ವನ್ನ ಬಿಸಾಕಿರೋದನ್ನ ನಾನು ಕಣ್ಣಾರೆ ನೋಡಿದೀನಿ. ನಿಮ್ದು ಯಾವ ಥರ ಅಂತ ಮ್ಯಾನುಯಲ್ಲಲ್ಲಿ ಖಚಿತ ಮಾಡ್ಕೊಂಡು ಆಮೇಲೆ ತೀರ್ಮಾನ ಮಾಡಿ.

ಕಪ್ಪುಹೊಗೆ:
ಮಧ್ಯದಲ್ಲಿ ಬಾಯಿ ಹಾಕ್ತಿದೀನಿ ಕ್ಷಮಿಸಿ, ನಂದು ಡೀಸೆಲ್ ಟರ್ಬೋ. ಪಿಕಪ್ ಇಲ್ಲ, ಆಕ್ಸಿಲರೇಟರ್ ಒತ್ತಿದ್ರೆ ಹಿಂದೆ ಕಪ್ಪು ಮೋಡ, ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ರಿಜನರೇಶನ್, ಅಂದ್ರೆ ಮಸಿ ಸುಟ್ಟು ಸ್ವಚ್ಛ ಮಾಡ್ಕೊಳ್ಳೋದು, ಪದೇ ಪದೇ ಆಗ್ತಿದೆ. ಕೋಡ್ ಪಿ0402. ಈ ಐಡ್ಲಿಂಗಲ್ಲಿ ಮುಚ್ಚಿರ್ಬೇಕು ಅನ್ನೋ ಮಾತು ನಂಗೂ ಅನ್ವಯ ಆಗುತ್ತಾ?

ಇಂಜಿನ್‌ಬೇ:
ಇಲ್ಲ, ಡೀಸೆಲ್ ಲೆಕ್ಕವೇ ಬೇರೆ. ಡೀಸೆಲ್‌ನಲ್ಲಿ ಐಡ್ಲಿಂಗಲ್ಲೂ ವಾಲ್ವ್ ತೆರೆದಿರೋದು ಸಹಜ, ಕಮ್ಮಿ ಲೋಡಲ್ಲಿ ಒಳಗೆ ಹೋಗೋದ್ರಲ್ಲಿ ಅರ್ಧದಷ್ಟು ಹೊಗೆನೇ ಇರ್ಬೋದು, ಪೆಟ್ರೋಲಲ್ಲಿ ಅಷ್ಟೊಂದು ಬಿಟ್ರೆ ಇಂಜಿನ್ ನಿಂತೇ ಹೋಗುತ್ತೆ. ಡೀಸೆಲ್‌ನಲ್ಲಿ ತೊಂದ್ರೆ ಶುರುವಾಗೋದು ನೀವು ಆಕ್ಸಿಲರೇಟರ್ ಒತ್ತಿದಾಗ. ಆಗ ಮುಚ್ಚಿ ತಾಜಾ ಗಾಳಿಗೆ ಜಾಗ ಬಿಡ್ಬೇಕು, ಮುಚ್ಚಲಿಲ್ಲ ಅಂದ್ರೆ ಡೀಸೆಲ್ ಬಂತು ಗಾಳಿ ಇಲ್ಲ, ಅದೇ ಕಪ್ಪು ಹೊಗೆ. ಆ ಮಸಿ ಎಲ್ಲಾ ಹೋಗಿ ಡಿಪಿಎಫಲ್ಲಿ ಕೂರುತ್ತೆ, ಅದಕ್ಕೇ ಪದೇ ಪದೇ ರಿಜನರೇಶನ್. ಡಿಪಿಎಫ್ ಕ್ಲೀನ್ ಮಾಡ್ಸಿ ವಾಲ್ವ್ ಹಾಗೇ ಬಿಟ್ರೆ ಮತ್ತೆ ಅದೇ ಕಥೆ.

ನಿಮ್ಗೆ ಮುಖ್ಯ ಸಾಕ್ಷಿ ಮ್ಯಾಫ್ ಸೆನ್ಸರ್, ಅಂದ್ರೆ ಒಳಗೆ ಹೋಗೋ ತಾಜಾ ಗಾಳಿ ಅಳೆಯೋದು. ಡೀಸೆಲ್‌ನಲ್ಲಿ ಹೊಗೆ ಎಷ್ಟು ಬರ್ತಿದೆ ಅಂತ ಇಸಿಯು ಸಾಮಾನ್ಯವಾಗಿ ನೇರವಾಗಿ ಅಳೆಯಲ್ಲ, ತಾಜಾ ಗಾಳಿ ಎಷ್ಟು ಕಮ್ಮಿ ಆಯ್ತು ಅನ್ನೋದ್ರಿಂದ ಲೆಕ್ಕ ಹಾಕುತ್ತೆ. ಬಿಸಿ ಇಂಜಿನ್ ಐಡ್ಲಿಂಗಲ್ಲಿಟ್ಟು ಸ್ಕ್ಯಾನರಿಂದ ವಾಲ್ವ್ ಮುಚ್ಚಿ ನೋಡಿ, ಮ್ಯಾಫ್ ಅಂಕಿ ಎದ್ದು ಕಾಣೋ ಹಾಗೆ ಏರ್ಬೇಕು. ಏರಿದ್ರೆ ವಾಲ್ವ್ ಮುಚ್ತಿದೆ. ಏರ್ಲೇ ಇಲ್ಲ ಅಂದ್ರೆ ಮುಚ್ತಿಲ್ಲ. ಆದ್ರೆ ಇದಕ್ಕೆ ಮೊದ್ಲು ಏರ್ ಫಿಲ್ಟರ್ ನೋಡಿ, ಮ್ಯಾಫ್ ಸೆನ್ಸರಿನ ತಂತಿ ಕೊಳೆಯಾಗಿದ್ಯಾ ನೋಡಿ, ಟರ್ಬೋದಿಂದ ಇಂಟರ್‌ಕೂಲರಿಗೆ ಹೋಗೋ ಪೈಪಲ್ಲಿ ಎಲ್ಲಾದ್ರೂ ಎಣ್ಣೆ ಜಿನುಗಿರೋ ಗುರುತು ಇದ್ಯಾ ನೋಡಿ. ಮ್ಯಾಫ್ ಕಮ್ಮಿ ತೋರಿಸಿದ್ರೆ ಗಾಳಿ ಕಮ್ಮಿ, ಅಂದ್ರೆ ಹೊಗೆ ಜಾಸ್ತಿ ಅಂತ ಇಸಿಯು ತಿಳ್ಕೊಂಡು ಪಿ0402 ಬರ್ಕೊಳ್ಳುತ್ತೆ, ವಾಲ್ವ್ ಪಾಪ ನೆಟ್ಟಗಿರುತ್ತೆ.

ದಾರಿಹೋಕ:
ನನ್ನ ಗಾಡೀಲಿ ಪಿ0401 ಜೊತೆ ಐಡ್ಲಿಂಗೂ ಅಲುಗಾಡುತ್ತೆ. ಎಲ್ಲೋ ಗಾಳಿ ಲೀಕ್ ಇರ್ಬೇಕು ಅಂತ ಮೆಕ್ಯಾನಿಕ್ ಅಂತಾರೆ. ಇಜಿಆರ್ ಸರಿಯಾಗಿ ಮುಚ್ಚದೆ ಸೋರ್ತಿರೋದಕ್ಕೂ ಗಾಳಿ ಲೀಕ್‌ಗೂ ವ್ಯತ್ಯಾಸ ಹೇಗೆ ಕಂಡುಹಿಡಿಯೋದು?

ಮೀಟರ್‌ಮುಳ್ಳು:
ಬಹಳ ಒಳ್ಳೇ ಪ್ರಶ್ನೆ ಇದು. ಫ್ಯೂಯಲ್ ಟ್ರಿಮ್ ನೋಡಿ, ಅಂದ್ರೆ ಇಸಿಯು ಲೆಕ್ಕಕ್ಕಿಂತ ಎಷ್ಟು ಪರ್ಸೆಂಟ್ ಪೆಟ್ರೋಲ್ ಜಾಸ್ತಿ (ಪ್ಲಸ್) ಅಥವಾ ಕಮ್ಮಿ (ಮೈನಸ್) ಮಾಡ್ತಿದೆ ಅನ್ನೋ ಅಂಕಿ. ನಿಮ್ದು ಪೆಟ್ರೋಲ್ ಅಲ್ವಾ, ಮ್ಯಾಫ್ ಸೆನ್ಸರ್ ಇರೋ ಗಾಡಿ ಆದ್ರೆ ಹೊರಗಿನ ಗಾಳಿ ಲೀಕ್ ಆದಾಗ ಲೆಕ್ಕಕ್ಕೆ ಸಿಗದ ಆಕ್ಸಿಜನ್ ಒಳಗೆ ಹೋಗುತ್ತೆ, ಐಡ್ಲಿಂಗಲ್ಲಿ ಟ್ರಿಮ್ ಪ್ಲಸ್ ಕಡೆ ಏರುತ್ತೆ, ಆರ್‌ಪಿಎಂ 2,500ಕ್ಕೆ ಏರಿಸಿದ್ರೆ ಇಳಿದು ಸರಿಹೋಗುತ್ತೆ. ಇಜಿಆರ್ ಸೋರಿದ್ರೆ ಒಳಗೆ ಹೋಗೋದು ಸುಟ್ಟ ಗ್ಯಾಸು, ಅದ್ರಲ್ಲಿ ಆಕ್ಸಿಜನ್ ಇಲ್ಲ, ಹಾಗಾಗಿ ಇಂಜಿನ್ ಅಲುಗಾಡುತ್ತೆ ಆದ್ರೆ ಟ್ರಿಮ್ ಹೆಚ್ಚುಕಮ್ಮಿ ಇದ್ದ ಜಾಗದಲ್ಲೇ ಇರುತ್ತೆ. ಮ್ಯಾಫ್ ಇಲ್ದೆ ಬರೀ ಮ್ಯಾಪ್ ಸೆನ್ಸರ್ ಇರೋ ಗಾಡೀಲಿ ಇನ್ನೂ ಬೇರೆ, ಇಜಿಆರ್ ಸೋರಿದಾಗ ಇನ್‌ಟೇಕ್ ಒತ್ತಡ ಏರುತ್ತೆ, ಅದನ್ನ ಗಾಳಿ ಅಂತ ಲೆಕ್ಕ ಹಾಕಿ ಇಸಿಯು ಪೆಟ್ರೋಲ್ ಜಾಸ್ತಿ ಸುರಿಯುತ್ತೆ, ಟ್ರಿಮ್ ಮೈನಸ್ ಕಡೆ ಇಳಿಯುತ್ತೆ. ಮಿಸ್‌ಫೈರ್ ಜೋರಾಗಿದ್ರೆ ಮಾತ್ರ ಸುಡದೆ ಉಳಿದ ಆಕ್ಸಿಜನ್ ಸೆನ್ಸರನ್ನ ದಾರಿ ತಪ್ಪಿಸುತ್ತೆ, ಅದನ್ನ ಮನಸ್ಸಲ್ಲಿಟ್ಕೊಳ್ಳಿ.

ಇನ್ನೊಂದು ಸುಲಭದ್ದು. ಇಂಜಿನ್ ಪೂರ್ತಿ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ, ವಾಲ್ವ್ ದಾಟಿದ್ಮೇಲೆ ಇನ್‌ಟೇಕ್‌ಗೆ ಹೋಗೋ ಪೈಪಿನ ಶಾಖಾನ ಇನ್‌ಫ್ರಾರೆಡ್ ಥರ್ಮಾಮೀಟರಲ್ಲಿ ಗಮನಿಸ್ತಾ ಇರಿ. ತಣ್ಣಗಿರೋ ಇಂಜಿನ್ ಐಡ್ಲಿಂಗಲ್ಲಿ ವಾಲ್ವ್ ಮುಚ್ಚಿರ್ಬೇಕು, ಆ ಪೈಪು ಬೇಗ ಬಿಸಿಯೇರಿದ್ರೆ ಒಳಗಿಂದ ಸೋರ್ತಿದೆ. ಕೈ ಇಟ್ಟು ನೋಡೋಕೆ ಹೋಗ್ಬೇಡಿ, ಆ ಪೈಪು ಚರ್ಮ ಸುಲಿಯೋಷ್ಟು ಬಿಸಿಯಾಗುತ್ತೆ. ಗ್ಯಾರೇಜ್ ಬಾಗಿಲು ಮುಚ್ಕೊಂಡು ಇಂಜಿನ್ ಓಡಿಸ್ಬೇಡಿ ಅನ್ನೋದನ್ನೂ ಇಲ್ಲೇ ಹೇಳಿಬಿಡ್ತೀನಿ, ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ.

ಹೊಸಪಾನಾ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಓಡಿಸಿ ರೆಕಾರ್ಡ್ ಮಾಡ್ಕೊಂಡ್ ಬಂದೆ. ಒಂದೇ ಸ್ಪೀಡಲ್ಲಿ ಹೋಗೋವಾಗ ಕಮಾಂಡೆಡ್ ಇಜಿಆರ್ ಇಪ್ಪತ್ತು ಪರ್ಸೆಂಟ್ ಆಸುಪಾಸು ಬರುತ್ತೆ, ಎರರ್ ಎರಡು ಮೂರು ಪರ್ಸೆಂಟ್ ಒಳಗೇ ಇದೆ. ನಿಂತಾಗ ಕಮಾಂಡ್ ಸೊನ್ನೆ. ವಯರಿಂಗಲ್ಲಿ 12, 5, ಅರ್ತ್ ಮೂರೂ ಸರಿ ಇದೆ, ಸಿಗ್ನಲ್ ಮುಚ್ಚಿದ್ದಾಗ 0.9 ವೋಲ್ಟ್. ಎರರ್ ಇಷ್ಟು ಕಮ್ಮಿ ಇದ್ಮೇಲೆ ವ್ಯವಸ್ಥೆ ಚೆನ್ನಾಗಿದೆ ಅಂತ ತಾನೇ ಅರ್ಥ? ಹಾಗಿದ್ರೆ ಕೋಡ್ ಯಾಕೆ ಬರ್ಬೇಕು?

ಇಂಜಿನ್‌ಬೇ:
ಆ ಎರರ್ ಅನ್ನೋ ಅಂಕಿ ಬಹಳ ಗಾಡೀಲಿ ಹೇಳೋದು ವಾಲ್ವಿನ ಸ್ಥಾನ ಮಾತ್ರ. ಇಸಿಯು ಇಷ್ಟು ತೆರಿ ಅಂದ್ರೆ ಕಂಬಿ ಅಷ್ಟು ಎದ್ದಿದ್ಯಾ ಅನ್ನೋದನ್ನ ಪೊಸಿಶನ್ ಸೆನ್ಸರ್ ನೋಡಿ ಹೇಳುತ್ತೆ. ಗ್ಯಾಸ್ ಹರೀತಾ ಅನ್ನೋದು ಅದಕ್ಕೆ ಗೊತ್ತಿಲ್ಲ. ನಲ್ಲಿ ತಿರುಗಿಸ್ತೀರ, ತಿರುಗುತ್ತೆ, ಪೈಪಲ್ಲಿ ನೀರೇ ಇಲ್ಲ ಅಂದ್ರೆ ನಲ್ಲಿ ಬದಲಾಯಿಸಿ ಏನು ಬಂತು. ನಿಮ್ಮ ಗಾಡೀಲಿ ಮೊದಲೆರಡು ಪ್ರಶ್ನೆಗೂ ಹೌದು ಅಂತ ಉತ್ತರ ಬಂದಿದೆ, ವಾಲ್ವ್ ಹೋಗಿದೆ ಅಂದೋರು ಇದನ್ನ ನೋಡೇ ಇಲ್ಲ. ಈಗ ಉಳಿದಿರೋದು ಹರಿವು. ಎರಡೂ ಕಡೆ ಮಾತಾಡೋ ಸ್ಕ್ಯಾನರ್, ಅಂದ್ರೆ ವಾಲ್ವನ್ನ ನಾವೇ ಹೇಳಿ ತೆರೆಸೋ ಥರದ್ದು, ಯಾರ ಹತ್ರನಾದ್ರೂ ಸಿಗುತ್ತಾ ನೋಡಿ. ಬಿಸಿ ಇಂಜಿನ್, ಐಡ್ಲಿಂಗ್, ಎಸಿ ಆಫ್, ನಿಧಾನಕ್ಕೆ 10, 20, 30 ಪರ್ಸೆಂಟ್ ತೆರೆಸಿ, ಮ್ಯಾಪ್ ಮೇಲೆ ಕಣ್ಣಿಡಿ. ಹರಿವು ಇದ್ರೆ ಮ್ಯಾಪ್ ಏರುತ್ತೆ, ಇಂಜಿನ್ ನಡುಗುತ್ತೆ.

ಎರರ್ ಬಗ್ಗೆ ಇನ್ನೊಂದು ಮಾತು, ಬೇರೆಯವ್ರಿಗೆ ಉಪಯೋಗ ಆಗ್ಲಿ. ಕಮಾಂಡ್ ಸೊನ್ನೆ ಇದ್ದಾಗ ಎರರ್ 99.2 ಅಂತ ತೋರಿಸಿದ್ರೆ ಡಾಂಗಲ್ ಕೆಟ್ಟಿದೆ ಅನ್ಕೋಬೇಡಿ. ಆ ಲೆಕ್ಕದಲ್ಲಿ ಬರೋ ಅತಿ ದೊಡ್ಡ ಅಂಕಿನೇ 99.2. ಮುಚ್ಚು ಅಂದಿದೀನಿ ಆದ್ರೂ ತೆರೆದಿದೆ ಅನ್ನೋದನ್ನ ಅದು ಹಾಗೆ ಹೇಳುತ್ತೆ. ಅದು ಕಂಡ್ರೆ ವಾಲ್ವಿನ ಸೀಟಲ್ಲಿ ಮಸಿ ಗಂಟು ಸಿಕ್ಕಿರೋ ಸಾಧ್ಯತೆ ಜಾಸ್ತಿ.

ಅಡ್ಡಬೋಲ್ಟು:
ಸ್ಕ್ಯಾನರ್ ಸಿಗ್ಲಿಲ್ಲ ಅಂದ್ರೆ ಬ್ಯಾಟರಿಯಿಂದ ಎರಡು ವಯರ್ ಎಳೆದು ನೇರ ವಾಲ್ವ್‌ಗೆ ಕೊಟ್ರೆ ತೆರೆಯುತ್ತಲ್ವಾ?

ಮೀಟರ್‌ಮುಳ್ಳು:
ಬರೀ ಸೊಲೆನಾಯ್ಡ್ ಕಾಯಿಲ್ ಇರೋ ಥರದ್ದಾದ್ರೆ, ಕನೆಕ್ಟರ್ ಬಿಚ್ಚಿ, ಕಾಯಿಲಿನ ಎರಡು ಪಿನ್ ಯಾವುದು ಅಂತ ಡಯಾಗ್ರಾಂ ನೋಡಿ ಖಾತ್ರಿ ಮಾಡ್ಕೊಂಡು, ಫ್ಯೂಸ್ ಇರೋ ವಯರಲ್ಲಿ ಒಂದು ಕ್ಷಣ ಮುಟ್ಟಿಸ್ಬೋದು, ಟಕ್ ಅಂತ ಸದ್ದು ಬರ್ಬೇಕು. ತಪ್ಪಿ ಸೆನ್ಸರ್ ಪಿನ್‌ಗೆ 12 ವೋಲ್ಟ್ ಹೋದ್ರೆ ಸೆನ್ಸರ್ ಅಲ್ಲೇ ಖಲಾಸ್. ಸ್ಟೆಪ್ಪರ್ ಮೋಟರ್ ಇರೋ ವಾಲ್ವ್‌ಗೆ ಈ ಉಪಾಯ ಕೆಲಸ ಮಾಡಲ್ಲ, ಅದಕ್ಕೆ ಸಾಲಾಗಿ ಪಲ್ಸ್ ಬೇಕು. ಯಾವ ಥರ ಅಂತ ಗೊತ್ತಿಲ್ದೆ ಬ್ಯಾಟರಿ ಮುಟ್ಟಿಸ್ಬೇಡಿ.

ಹೊಸಪಾನಾ:
ಸ್ನೇಹಿತರ ಹತ್ರ ಸ್ಕ್ಯಾನರ್ ಸಿಕ್ತು. ಐಡ್ಲಿಂಗಲ್ಲಿ ಮ್ಯಾಪ್ 33 ಕಿಲೋಪ್ಯಾಸ್ಕಲ್. ಮೂವತ್ತು ಪರ್ಸೆಂಟ್ ತೆರೆಸಿದೆ, 34 ಆಯ್ತು ಅಷ್ಟೇ. ಐವತ್ತಕ್ಕೆ ತೆರೆಸಿದ್ರೂ 34ರಲ್ಲೇ ಕೂತಿದೆ, ಇಂಜಿನ್ ಒಂಚೂರೂ ಅಲುಗಾಡ್ಲಿಲ್ಲ. ಸೆನ್ಸರ್ ವೋಲ್ಟೇಜ್ ಮಾತ್ರ ಪ್ರತಿ ಸಲ ನೀಟಾಗಿ ಏರ್ತಿತ್ತು.

ಇಂಜಿನ್‌ಬೇ:
ದಾರಿ ಕಟ್ಕೊಂಡಿದೆ. ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ. ಇಂಜಿನ್ ತಣ್ಣಗಾದ್ಮೇಲೆ ವಾಲ್ವ್ ಬಿಚ್ಚಿ, ಹಳೇ ಬೋಲ್ಟು ಜಂಗು ಹಿಡಿದಿದ್ರೆ ಹಿಂದಿನ ದಿನವೇ ಪೆನಿಟ್ರೇಟಿಂಗ್ ಎಣ್ಣೆ ಬಿಟ್ಟಿಡಿ, ಜೋರು ಮಾಡಿ ಮುರೀಬೇಡಿ. ಬಿಚ್ಚಿದ ಜಾಗದಲ್ಲಿ ಎರಡು ತೂತು ಕಾಣುತ್ತೆ, ಒಂದು ಎಕ್ಸಾಸ್ಟ್ ಕಡೆಯದ್ದು, ಇನ್ನೊಂದು ಇನ್‌ಟೇಕ್ ಕಡೆಯದ್ದು. ಬಾಗೋ ಅಂಥ ಗಟ್ಟಿ ತಂತಿ, ಬೈಕಿನ ಹಳೇ ಬ್ರೇಕ್ ಕೇಬಲ್ ಆದ್ರೂ ಸಾಕು, ಎರಡರಲ್ಲೂ ತೂರಿಸಿ ನೋಡಿ ಎಲ್ಲಿ ನಿಲ್ಲುತ್ತೆ ಅಂತ. ಪೆಟ್ರೋಲ್ ಗಾಡೀಲಿ ಹೆಚ್ಚಾಗಿ ಕಟ್ಕೊಳ್ಳೋದು ಇನ್‌ಟೇಕ್ ಕಡೆ, ಬಿಸಿ ಹೊಗೆ ತಣ್ಣನೆ ಗಾಳಿ ಸೇರೋ ಬಾಯಲ್ಲಿ.

ಕ್ಲೀನ್ ಮಾಡೋವಾಗ ಚೂರು ಇಂಜಿನ್ ಒಳಗೆ ಬೀಳದ ಹಾಗೆ ನೋಡ್ಕೊಳ್ಳಿ, ಕೆರೆದಾದ್ಮೇಲೆ ವ್ಯಾಕ್ಯೂಮ್ ಕ್ಲೀನರಲ್ಲಿ ಎಳೆದು ತೆಗೀರಿ. ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚೋಕೆ ಆಗುತ್ತೆ ಅಂದ್ರೆ ಬಿಚ್ಚಿ ಮಾಡೋದೇ ಒಳ್ಳೇದು. ವಾಲ್ವಿನ ಕಂಬಿ ಮತ್ತು ಸೀಟಿಗೆ ಸ್ಟೀಲ್ ಬ್ರಶ್ ಹಾಕ್ಬೇಡಿ, ಗೀರು ಬಿದ್ರೆ ಮುಚ್ಚಿದಾಗ ಸೋರುತ್ತೆ. ಕ್ಲೀನರ್ ಸ್ಪ್ರೇ ಹೊಡೆಯೋವಾಗ ಕರೆಂಟ್ ಭಾಗ ಮೇಲಿರೋ ಹಾಗೆ ಹಿಡ್ಕೊಳ್ಳಿ, ದ್ರವ ಒಳಗೆ ಇಳೀಬಾರ್ದು. ಗ್ಯಾಸ್ಕೆಟ್ ಹೊಸದೇ ಹಾಕಿ.

ಹಳೇಗಾಡಿ:
ಒಂದೊಂದು ಸಿಲಿಂಡರಿಗೆ ಒಂದೊಂದು ಸಣ್ಣ ತೂತು ಇರೋ ಮ್ಯಾನಿಫೋಲ್ಡ್ ಆಗಿದ್ರೆ ಎಲ್ಲಾ ತೂತೂ ತೆರೀಲೇಬೇಕು ಹೊಸಪಾನಾ. ಒಂದು ಮಾತ್ರ ತೆರೆದು ಉಳಿದದ್ದು ಕಟ್ಕೊಂಡಿದ್ರೆ ಎಲ್ಲರ ಪಾಲಿನ ಹೊಗೆನೂ ಆ ಒಂದೇ ಸಿಲಿಂಡರಿಗೆ ನುಗ್ಗುತ್ತೆ, ಆ ಸಿಲಿಂಡರ್ ಮಿಸ್ ಹೊಡೆಯುತ್ತೆ, ಜನ ಪ್ಲಗ್ ಕಾಯಿಲ್ ಇಂಜೆಕ್ಟರ್ ಎಲ್ಲಾ ಬದಲಾಯಿಸ್ತಾ ಕೂರ್ತಾರೆ.

ಹೊಸಪಾನಾ:
ಮ್ಯಾನಿಫೋಲ್ಡ್ ಬಿಚ್ಚಿದೆ. ಹಳೇಗಾಡಿ ಸರ್ ಹೇಳಿದ್ದೇ ನಿಜ, ನಾಲ್ಕು ತೂತು ಇತ್ತು. ಎಕ್ಸಾಸ್ಟ್ ಕಡೆ ದಾರಿ ಸ್ವಚ್ಛ, ತೆಳುವಾಗಿ ಬೂದು ಬಣ್ಣದ ಪುಡಿ ಅಷ್ಟೇ. ಇನ್‌ಟೇಕ್ ಕಡೆ ಬೆರಳು ತೂರೋಷ್ಟು ದಾರಿಯಲ್ಲಿ ಪೆನ್ಸಿಲ್ ಸೀಸದ ಕಡ್ಡಿ ಹೋಗೋಷ್ಟು ಜಾಗನೂ ಉಳಿದಿರ್ಲಿಲ್ಲ, ಹೊರಗಡೆ ಅಂಟಂಟು ಡಾಂಬರು, ಒಳಗೆ ಕಲ್ಲಿನಂಥ ಕರಿ. ಸ್ಕ್ರೂಡ್ರೈವರ್ ತುದಿಯಿಂದ ಕುಟ್ಟಿದ್ರೆ ಹೆಕ್ಕಳಿಕೆ ಹೆಕ್ಕಳಿಕೆಯಾಗಿ ಎದ್ದು ಬರ್ತಿತ್ತು. ನಾಲ್ಕು ತೂತಲ್ಲಿ ಮೂರು ಪೂರ್ತಿ ಬಂದ್, ಒಂದ್ರಲ್ಲಿ ಮಾತ್ರ ಸೂಜಿಯಷ್ಟು ಸಂದಿ. ವಾಲ್ವ್ ನೋಡಿದ್ರೆ ಸೀಟ್ ಮೇಲೆ ಲೈಟಾಗಿ ಮಸಿ, ಬೆರಳಲ್ಲಿ ಒತ್ತಿದ್ರೆ ಕಂಬಿ ಸಲೀಸಾಗಿ ಹೋಗಿ ಬರುತ್ತೆ.

ಎಲ್ಲಾ ಕ್ಲೀನ್ ಮಾಡಿ ಹೊಸ ಗ್ಯಾಸ್ಕೆಟ್ ಹಾಕಿ ಅದೇ ವಾಲ್ವ್ ಕೂರಿಸಿದೆ. ಸ್ಕ್ಯಾನರಲ್ಲಿ ಮೂವತ್ತು ಪರ್ಸೆಂಟ್ ತೆರೆಸಿದ್ರೆ ಮ್ಯಾಪ್ 33ರಿಂದ 47ಕ್ಕೆ ಹಾರ್ತು, ಇಂಜಿನ್ ಗಡಗಡ ನಡುಗಿ ಆಫ್ ಆಗೋ ಹಂತಕ್ಕೆ ಬಂತು, ಮುಚ್ಚಿಸಿದ ತಕ್ಷಣ ಶಾಂತ. ಇಂಜಿನ್ ನಡುಗೋದನ್ನ ನೋಡಿ ಇಷ್ಟು ಖುಷಿ ಆಗುತ್ತೆ ಅಂತ ಗೊತ್ತಿರ್ಲಿಲ್ಲ.

ಇಂಜಿನ್‌ಬೇ:
ಬಹಳ ಸಂತೋಷ ಆಯ್ತು. ಕೋಡ್ ಅಳಿಸಿದ್ಮೇಲೆ ಆಪಿನ ರೆಡಿನೆಸ್ ಪುಟದಲ್ಲಿ ಇಜಿಆರ್ ಮಾನಿಟರ್ (ಇಸಿಯು ತಾನೇ ಮಾಡೋ ಟೆಸ್ಟ್) ಕಂಪ್ಲೀಟ್ ಅಂತ ಬರೋವರೆಗೂ ಕಾಯಿರಿ, ಲೈಟ್ ಆಫ್ ಇದೆ ಅನ್ನೋದೊಂದೇ ಸಾಲ್ದು. ಆ ಟೆಸ್ಟ್ ನಡೆಯೋಕೆ ಇಂಜಿನ್ ಬಿಸಿ ಇದ್ದು, ಸಮವಾಗಿ ಸ್ವಲ್ಪ ದೂರ ಓಡಿ, ಆಮೇಲೆ ಕಾಲು ತೆಗೆದು ಗೇರಲ್ಲೇ ನಿಧಾನ ಆಗೋ ಥರದ ಓಟ ಬೇಕಾಗುತ್ತೆ. ಕೆಲವು ಗಾಡೀಲಿ ವಾಲ್ವ್ ಬಿಚ್ಚಿ ಹಾಕಿದ್ಮೇಲೆ ಮುಚ್ಚಿದ ಸ್ಥಾನ ಯಾವುದು ಅಂತ ಸ್ಕ್ಯಾನರಿಂದ ಮತ್ತೆ ಕಲಿಸ್ಬೇಕು, ಅದನ್ನೂ ನೋಡ್ಬಿಡಿ.

ಕಪ್ಪುಹೊಗೆ:
ನಂದೂ ಹೇಳ್ತೀನಿ. ಏರ್ ಫಿಲ್ಟರ್ ಸರಿ ಇದೆ, ಪೈಪಲ್ಲಿ ಲೀಕ್ ಇಲ್ಲ, ವಾಲ್ವ್ ಮುಚ್ಚಿಸಿದ್ರೂ ಮ್ಯಾಫ್ ಏರ್ಲಿಲ್ಲ. ಅಂದ್ರೆ ವಾಲ್ವ್ ಮುಚ್ತಿಲ್ಲ. ಇನ್ನೊಂದು ವಿಷ್ಯ, ಕೂಲೆಂಟ್ ಸ್ವಲ್ಪ ಸ್ವಲ್ಪ ಇಳೀತಿದೆ, ಕೆಳಗೆಲ್ಲೂ ಹನಿ ಬಿದ್ದಿಲ್ಲ. ಇದಕ್ಕೂ ಅದಕ್ಕೂ ಸಂಬಂಧ ಇದ್ಯಾ?

ಇಂಜಿನ್‌ಬೇ:
ಇರ್ಬೋದು, ಇದನ್ನ ತಡ ಮಾಡ್ಬೇಡಿ. ಡೀಸೆಲ್‌ನಲ್ಲಿ ಹೊಗೆಯನ್ನ ತಣ್ಣಗೆ ಮಾಡೋಕೆ ಇಜಿಆರ್ ಕೂಲರ್ ಇರುತ್ತೆ, ಅದ್ರೊಳಗೆ ಒಂದು ಕಡೆ ಹೊಗೆ ಇನ್ನೊಂದು ಕಡೆ ಕೂಲೆಂಟ್. ಒಳಗೆ ಬಿರುಕು ಬಿಟ್ರೆ ಕೂಲೆಂಟ್ ಹೊಗೆ ಕಡೆ ಸೋರಿ ಇಂಜಿನ್‌ಗೆ ಹೋಗುತ್ತೆ, ನೆಲಕ್ಕೆ ಬೀಳೋದೇ ಇಲ್ಲ. 2018ರಲ್ಲಿ ದಕ್ಷಿಣ ಕೊರಿಯಾದಲ್ಲಿ ಬಿಎಂಡಬ್ಲ್ಯು ಡೀಸೆಲ್ ಕಾರುಗಳಿಗೆ ಬೆಂಕಿ ಹತ್ತಿದ ಪ್ರಕರಣಗಳಾಗಿ 1 ಲಕ್ಷಕ್ಕೂ ಹೆಚ್ಚು ಕಾರು ವಾಪಸ್ ಕರೆಸಿದ್ರಲ್ಲ, ಆಗ ಕಂಪನಿ ಹೇಳಿದ ಕಾರಣ ಇದೇ, ಕೂಲರಿಂದ ಸೋರಿದ ಕೂಲೆಂಟು ಮಸಿ ಜೊತೆ ಸೇರಿ ಗಟ್ಟಿಯಾಗಿ, ಬಿಸಿ ಹೊಗೆ ತಾಗಿ ಉರಿದಿದ್ದು.

ಟೆಸ್ಟ್ ಹೀಗೆ. ಇಂಜಿನ್ ಪೂರ್ತಿ ತಣ್ಣಗಿರ್ಬೇಕು, ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ಮುಟ್ಬೇಡಿ. ಕೂಲರಿಂದ ವಾಲ್ವ್ ಕಡೆ ಹೋಗೋ ಹೊಗೆ ಪೈಪ್ ಬಿಚ್ಚಿ, ಕೂಲಿಂಗ್ ಸಿಸ್ಟಂ ಪ್ರೆಶರ್ ಟೆಸ್ಟರ್ ಮುಚ್ಚಳದ ಜಾಗಕ್ಕೆ ಹಾಕಿ, ಮುಚ್ಚಳದ ಮೇಲೆ ಬರೆದಿರೋ ಒತ್ತಡಕ್ಕಿಂತ ಜಾಸ್ತಿ ಏರಿಸ್ದೆ ಹಾಗೇ ಬಿಡಿ, ಸಾಧ್ಯ ಆದ್ರೆ ರಾತ್ರಿಯಿಡೀ. ಗೇಜ್ ಇಳಿದಿದ್ದು, ಪೈಪಿನ ಬಾಯಲ್ಲಿ ಒದ್ದೆ ಕಂಡ್ರೆ ಕೂಲರ್ ಬದಲಾಯಿಸ್ಬೇಕು, ಬೆಸುಗೆ ಹಾಕಿ ಸರಿ ಮಾಡೋ ವಸ್ತು ಅಲ್ಲ ಅದು. ಗೇಜ್ ಇಳಿದಿದೆ ಆದ್ರೆ ಅಲ್ಲಿ ಒಣಗಿದೆ ಅಂದ್ರೆ ಹೆಡ್ ಗ್ಯಾಸ್ಕೆಟ್, ವಾಟರ್ ಪಂಪ್, ಹೀಟರ್ ಕೋರ್ ಕಡೆ ಹುಡುಕಿ. ವಾಲ್ವ್ ಬಿಚ್ಚಿದಾಗ ಮಸಿ ಒಣಗಿ ಪುಡಿಪುಡಿ ಇದ್ಯಾ, ಇಲ್ಲಾ ಒದ್ದೆ ಕೆಸರಿನ ಹಾಗೆ ಇದ್ಯಾ ಅನ್ನೋದನ್ನೂ ನೋಡಿ, ಒದ್ದೆ ಇದ್ರೆ ಅನುಮಾನ ಗಟ್ಟಿ ಆಗುತ್ತೆ. ಕೈಗೆ ಗ್ಲೌಸ್ ಹಾಕಿ, ಕೂಲೆಂಟ್ ವಿಷ, ಚೆಲ್ಲಿದ್ರೆ ತಕ್ಷಣ ಒರೆಸಿ, ಪ್ರಾಣಿಗಳು ನೆಕ್ತಾವೆ.

ಮತ್ತೆ ಈ ಟೆಸ್ಟ್ ಆಗೋವರೆಗೂ ವಾಲ್ವ್ ಆರ್ಡರ್ ಮಾಡ್ಬೇಡಿ. ಕೂಲರ್ ಸೋರ್ತಿದ್ರೆ ಹೊಸ ವಾಲ್ವೂ ಬೇಗ ಅದೇ ಕೆಸರಲ್ಲಿ ಸಿಕ್ಕಾಕೊಳ್ಳುತ್ತೆ.

ಕಪ್ಪುಹೊಗೆ:
ಸರಿ ಸರ್. ಟೆಸ್ಟರ್ ನಾಳೆ ಸಿಗುತ್ತೆ, ಅಲ್ಲೀವರೆಗೂ ಗಾಡಿ ತೆಗೆಯಲ್ಲ.

ಹೊಸಪಾನಾ:
ನನ್ನ ಕಡೆಯಿಂದ ಕೊನೇ ಅಪ್‌ಡೇಟ್. ಇಜಿಆರ್ ಮಾನಿಟರ್ ಕಂಪ್ಲೀಟ್ ಅಂತ ಬಂತು, ಪೆಂಡಿಂಗ್ ಕೋಡ್ ಕೂಡ ಇಲ್ಲ. ಅದೇ ಏರಲ್ಲಿ ಅದೇ ಗೇರಲ್ಲಿ ಹತ್ತಿಸಿದೆ, ಕಿಣಿಕಿಣಿ ಇಲ್ಲ. ದಾರಿಹೋಕ ಅವ್ರೇ, ನಿಮ್ಮ ಟ್ರಿಮ್ ಅಂಕಿ ಎಷ್ಟು ಬಂತು, ಇಲ್ಲೇ ಹಾಕಿ, ಎಲ್ರೂ ಸೇರಿ ನೋಡೋಣ.

ದಾರಿಹೋಕ:
ಮ್ಯಾಫ್ ಇರೋ ಗಾಡಿ. ಐಡ್ಲಿಂಗಲ್ಲಿ ಲಾಂಗ್ ಟ್ರಿಮ್ ಪ್ಲಸ್ 17, 2,500 ಆರ್‌ಪಿಎಂಗೆ ಪ್ಲಸ್ 4.

ಮೀಟರ್‌ಮುಳ್ಳು:
ಹಾಗಿದ್ರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ, ಅದು ಗಾಳಿ ಲೀಕು. ಇನ್‌ಟೇಕ್ ಪೈಪು, ಬ್ರೇಕ್ ಬೂಸ್ಟರಿಗೆ ಹೋಗೋ ವ್ಯಾಕ್ಯೂಮ್ ಪೈಪು, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಈ ಸಾಲಲ್ಲಿ ಹೊಗೆ ಬಿಟ್ಟು ಸ್ಮೋಕ್ ಟೆಸ್ಟ್ ಮಾಡ್ಸಿ. ಇಜಿಆರ್ ವಾಲ್ವಿನ ಗ್ಯಾಸ್ಕೆಟ್ ಕೂಡ ಹೊರಗಡೆ ಸೋರ್ಬೋದು, ಅದನ್ನ ಮರೀಬೇಡಿ. ಅದು ಸರಿಯಾದ್ಮೇಲೂ ಪಿ0401 ವಾಪಸ್ ಬಂದ್ರೆ ಆಗ ಹೊಸಪಾನಾ ಮಾಡಿದ ಹಾಗೆ ವಾಲ್ವ್ ತೆರೆಸಿ ಮ್ಯಾಪ್ ನೋಡಿ.